ಊರ ನಡುವಿನ ಜಾಗ ಯಾರದು?



ನಮ್ಮ ಪಟ್ಟಣಗಳ ನಡುಮಧ್ಯೆ ಈಗ ಅಂದಗೊಳಿಸುವ ಕೆಲಸ ನಡೀತಿದೆ. ಸರ್ಕಲ್ಲಿಗೆ ಕಾರಂಜಿ, ಪಾರ್ಕಿಗೆ ಕಬ್ಬಿಣದ ಬೇಲಿ, ಫುಟ್‌ಪಾತಿಗೆ ಹೊಸ ಕಲ್ಲು. ಬೇಡ ಅಂದವರು ಯಾರು? ಊರಿಗೆ ನಾಲ್ಕು ಜನ ಕೂರೋ ಜಾಗ ಬೇಕೇ ಬೇಕು. ಕೂಲಿ ಮುಗಿಸಿ ಬಂದವರು ಟೀ ಕುಡಿಯೋಕೆ, ಹೆಣ್ಣುಮಕ್ಕಳು ಸಂಜೆ ಹೆದರಿಕೆ ಇಲ್ಲದೆ ಮಾತಾಡೋಕೆ, ಹಾಸ್ಟೆಲ್ಲಿನ ಒಂದೇ ರೂಮಲ್ಲಿ ಹತ್ತು ಜನ ಮಲಗುವ ನಮ್ಮ ಹುಡುಗರು ಗಾಳಿಗೆ ಕೂತು ಓದೋಕೆ. ಆದ್ದರಿಂದ ನಮ್ಮ ತಕರಾರು ಕಲ್ಲಿನ ಮೇಲಲ್ಲ. ಆ ಜಾಗ ಹೇಗಿರಬೇಕು ಅಂತ ತೀರ್ಮಾನ ಮಾಡಿದವರು ಯಾರು? ಆ ಜಾಗ ಗುಡಿಸುವವರನ್ನು ಕೇಳಿದರಾ? ಅಲ್ಲಿ ಹೂವು, ಕಡಲೆಕಾಯಿ ಮಾರುವ ಹೆಂಗಸರನ್ನು ಕೇಳಿದರಾ?

ಕೇಳಿರೋದಿಲ್ಲ. ಅಂದ ಬಂದ ದಿನವೇ ಕೈಗಾಡಿ ಹೋಗಬೇಕು. ಬೇಲಿಗೆ ಬೀಗ ಬೀಳುತ್ತೆ. ಎಷ್ಟೋ ಕಡೆ ಬಾಬಾಸಾಹೇಬರ ಪ್ರತಿಮೆಯೂ ಸರಳುಗಳ ಒಳಗೇ ನಿಂತಿದೆ. ಜನ ಇಲ್ಲದ ಪಾರ್ಕು ಎಷ್ಟು ಚೆಂದ ಇದ್ದರೂ ಅದು ಫೋಟೋಕ್ಕೆ ಮಾತ್ರ.

ಬೋರ್ಡಿನ ಮೇಲೆ ‘ಸಾರ್ವಜನಿಕ’ ಅಂತ ಬರೆದ ಮಾತ್ರಕ್ಕೆ ಜಾಗ ಸಾರ್ವಜನಿಕ ಆಗೋದಿಲ್ಲ. ಇದನ್ನು ನಮಗೆ ಕಲಿಸಿದ್ದು ಮಹಾಡ್. 1923ರಲ್ಲಿ ಎಸ್.ಕೆ. ಬೋಲೆಯವರು ತಂದ ನಿರ್ಣಯವನ್ನು ಮುಂಬಯಿ ಶಾಸನ ಪರಿಷತ್ತು ಒಪ್ಪಿತು: ಸರ್ಕಾರದ ದುಡ್ಡಿನ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. 1924ರಲ್ಲಿ ಮಹಾಡ್ ಪುರಸಭೆಯೂ ತನ್ನ ಚವದಾರ್ ಕೆರೆ ಎಲ್ಲರದು ಅಂತ ನಿರ್ಣಯ ಬರೆಯಿತು. ಬರೆದದ್ದು ಕಡತದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದಾಗ ಕೆರೆ ಮೊದಲ ಸಲ ಸಾರ್ವಜನಿಕ ಆಯಿತು. ಅದಕ್ಕೆ ಜನ ಏಟು ತಿಂದರು. ಜಾತಿವಂತರು ಕೆರೆಗೆ ಪಂಚಗವ್ಯ ಸುರಿದು ‘ಶುದ್ಧಿ’ ಮಾಡಿದರು. ಅದೇ ವರ್ಷ ಆಗಸ್ಟಿನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು. ಕೊನೆಗೆ ಮುಂಬಯಿ ಹೈಕೋರ್ಟು ನಮ್ಮ ಹಕ್ಕನ್ನು ಎತ್ತಿಹಿಡಿದದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಇದರಲ್ಲಿ ಇನ್ನೊಂದು ಪಾಠವೂ ಇದೆ. ಮಹಾಡಿನಲ್ಲಿ ನಾವು ಒಂಟಿಯಾಗಿರಲಿಲ್ಲ. ಪುರಸಭೆಯ ಅಧ್ಯಕ್ಷ ಸುರೇಂದ್ರನಾಥ ಟಿಪ್ನಿಸ್, ಅನಂತರಾವ್ ಚಿತ್ರೆ ಮೇಲ್ಜಾತಿಯವರಾದರೂ ಜೊತೆಗೆ ನಿಂತರು. ಡಿಸೆಂಬರಿನ ಎರಡನೇ ಸಮ್ಮೇಳನಕ್ಕೆ ಜಾಗ ಸಿಗದಾಗ ತನ್ನ ಜಮೀನು ಬಿಟ್ಟುಕೊಟ್ಟವನು ಫತ್ತೇಖಾನ್ ಎಂಬ ಮುಸಲ್ಮಾನ. ಊರನ್ನು ಕೂಡಿ ಕಟ್ಟೋದು ಅಂದರೆ ಇದು. ಹಕ್ಕಿನ ಮಾತು ಬದಿಗಿಟ್ಟು ಹಾರ ಹಾಕಿಸಿಕೊಳ್ಳೋದು ಕೂಡಿ ಕಟ್ಟೋದಲ್ಲ.

1950ರಲ್ಲಿ ಜಾರಿಗೆ ಬಂದ ಸಂವಿಧಾನ ಮಹಾಡಿನ ಮಾತನ್ನೇ ಇಡೀ ದೇಶದ ಕಾನೂನು ಮಾಡಿತು. 15ನೇ ಅನುಚ್ಛೇದದ ಎರಡನೇ ಖಂಡ ಓದಿ ನೋಡಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಜಾಗ, ಎಲ್ಲ ಅದರಲ್ಲಿದೆ. ಹಾಗಾಗಿ ಈಗ ಪಟ್ಟಣದ ನಡುವೆ ಯಾರೂ ಜಾತಿ ಹೆಸರು ಹೇಳಿ ತಡೆಯೋದಿಲ್ಲ. ‘ಗಲೀಜು’ ಅಂತಾರೆ, ‘ಟ್ರಾಫಿಕ್ಕು’ ಅಂತಾರೆ, ‘ಗುಂಪು ಸೇರಬೇಡಿ’ ಅಂತಾರೆ. ಎದ್ದು ಹೋಗಬೇಕಾದವರು ಮಾತ್ರ ಹೆಚ್ಚಾಗಿ ಅದೇ ಹಳೇ ಜನ.

ಇದಕ್ಕೂ ನಮ್ಮ ಕೈಲಿ ಒಂದು ಹಿಡಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40 ಜನ ವ್ಯಾಪಾರಿಗಳೇ ಚುನಾಯಿಸಿದ ವ್ಯಾಪಾರಿಗಳಾಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರಾತಿನಿಧ್ಯ ಕೊಡಬೇಕು. ಸಂಘಸಂಸ್ಥೆಗಳಿಗೆ ಕನಿಷ್ಠ ಶೇಕಡ 10. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಗಾಡಿ ತಳ್ಳುವ ಎಷ್ಟು ಜನಕ್ಕೆ ಇದು ಗೊತ್ತು? ಓದು ಬಲ್ಲ ನಾವು ಹೇಳದೆ ಇನ್ಯಾರು ಹೇಳಬೇಕು?

ನಮ್ಮವರೇ ಕೆಲವರು ಕೇಳ್ತಾರೆ: ‘ಕೇರಿಗೆ ಚರಂಡಿ ಇಲ್ಲ, ನಿಮಗೆ ಪೇಟೆ ಪಾರ್ಕಿನ ಚಿಂತೆಯಾ?’ ನ್ಯಾಯವಾದ ಪ್ರಶ್ನೆ. ಆದರೆ ಚರಂಡಿ ಬೇಕು ಅಂತ ಕೂಗೋಕೂ ನಿಲ್ಲುವ ಜಾಗ ಬೇಕಲ್ಲ? ಬೆಂಗಳೂರಿನಲ್ಲಿ 2021ರ ಪೊಲೀಸ್ ಆದೇಶ ಧರಣಿ, ಮೆರವಣಿಗೆಗಳನ್ನೆಲ್ಲ ಫ್ರೀಡಂ ಪಾರ್ಕಿನೊಳಗೆ ತಳ್ಳಿತು. ಅದು ಹಳೇ ಸೆಂಟ್ರಲ್ ಜೈಲಿದ್ದ ಜಾಗ! ನಡುವಿನ ಜಾಗ ಬಿಟ್ಟುಕೊಟ್ಟವರ ದನಿಯನ್ನು ಕೊನೆಗೆ ಯಾರೂ ಕೇಳಿಸಿಕೊಳ್ಳೋದಿಲ್ಲ.

ಅಂಗಡಿ ಸಾಹುಕಾರರ ಆತಂಕಕ್ಕೂ ಉತ್ತರ ಇದೆ. ಗಲೀಜಿಗೆ ಮದ್ದು ಕಸದ ಡಬ್ಬ, ನಲ್ಲಿ, ಹೆಂಗಸರಿಗೂ ಆಗುವ ಶೌಚಾಲಯ. ಜನರನ್ನು ಓಡಿಸೋದಲ್ಲ. ಜನ ನಿಲ್ಲುವ ಕಡೆ ಅವರ ವ್ಯಾಪಾರವೂ ನಡೆಯುತ್ತೆ. ಅವರನ್ನೂ ಕರೆದು ಕೂರಿಸಿಕೊಂಡೇ ಮಾತಾಡೋಣ.

ಏನು ಮಾಡಬೇಕು? ಹಾಸ್ಟೆಲ್ಲಿನಿಂದ ಐದೈದು ಜನ ಹೊರಡಿ. ಪೌರಕಾರ್ಮಿಕರು, ಗಾಡಿಯವರು, ಹೂವಿನ ಹೆಂಗಸರು, ಆಟೋದವರು, ಅಂಗಡಿಯವರು ಎಲ್ಲರಿಗೂ ಏನು ಬೇಕು ಅಂತ ಕೇಳಿ ಬರ್ಕೊಳ್ಳಿ. ನೆರಳು, ಕಲ್ಲುಬೆಂಚು, ದೀಪ, ಓದೋಕೆ ಒಂದು ಮೂಲೆ, ತಮಟೆ ಬಡಿದು ಹಾಡೋಕೆ ಒಂದು ಕಟ್ಟೆ. ಪಟ್ಟಿ ಹಿಡಿದು ಪುರಸಭೆಗೆ ಹೋಗಿ. ವ್ಯಾಪಾರ ಸಮಿತಿ ರಚನೆ ಆಗಿದೆಯಾ, ಕೊನೇ ಸಭೆ ಯಾವಾಗ ಆಯ್ತು ಅಂತ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಉತ್ತರವನ್ನು ಸರ್ಕಲ್ಲಿನಲ್ಲೇ ಎಲ್ಲರಿಗೂ ಕೇಳುವಂತೆ ಓದಿ.

ನಿರ್ಣಯ ಬರೆಯೋದು ಪುರಸಭೆ. ಅದನ್ನು ಜಾರಿಗೆ ತರೋದು ಹೋಗಿ ಕೂರುವ ಜನ. ಹೋಗಿ ಕೂರೋಣ, ಪಕ್ಕದವರಿಗೂ ಜಾಗ ಬಿಡೋಣ.