ಬೆಲ್ಲದ ಬೆಲೆಯೊಳಗೆ ಸಾಗಾಣಿಕೆ ಸೇರಬೇಕೆ?

ರೈತರು ತಾವು ಬೆಳೆದ ಪದಾರ್ಥವನ್ನು ದಲ್ಲಾಳಿಯ ಹಂಗಿಲ್ಲದೆ ನೇರವಾಗಿ ಬಳಕೆದಾರರ ಮನೆಗೆ ಕಳುಹಿಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಬೇರು ಬಿಡುತ್ತಿದೆ. 2020ರಲ್ಲಿ ಕೊರೊನಾ ಕಾರಣದಿಂದ ಮಾರುಕಟ್ಟೆಗಳಿಗೆ ತೊಂದರೆಯಾದಾಗ ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಅಂಚೆ ಇಲಾಖೆಯೊಡನೆ ಸೇರಿ ಬೆಂಗಳೂರಿನ ಮನೆಗಳಿಗೆ ಮಾವಿನ ಹಣ್ಣು ತಲುಪಿಸಿದ್ದು ಅನೇಕರಿಗೆ ನೆನಪಿರಬಹುದು. ಈಗ ಮಂಡ್ಯದ ಆಲೆಮನೆಯ ಅಚ್ಚು ಬೆಲ್ಲ, ಹಾವೇರಿ ಕಡೆಯ ಬ್ಯಾಡಗಿ ಮೆಣಸಿನಕಾಯಿ, ಮಲೆನಾಡಿನ ಏಲಕ್ಕಿ ಮತ್ತು ಕಾಳುಮೆಣಸು ಮೊಬೈಲಿನಲ್ಲಿ ಬಂದ ಬೇಡಿಕೆಯ ಮೇಲೆ ಊರೂರಿಗೆ ಹೋಗುತ್ತಿವೆ. ಇದು ಸಂತೋಷದ ಸಂಗತಿ. ಆದರೆ ಹೀಗೆ ಮಾರುವವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸುವ ಪ್ರಶ್ನೆಯೊಂದಿದೆ. ಪೆಟ್ಟಿಗೆ ಸಾಗಿಸುವ ಖರ್ಚನ್ನು ಪದಾರ್ಥದ ಬೆಲೆಯಲ್ಲೇ ಸೇರಿಸಿ 'ಸಾಗಾಣಿಕೆ ಉಚಿತ' ಎಂದು ಹಾಕುವುದೋ, ಅಥವಾ ಬೆಲ್ಲಕ್ಕೆ ಇಷ್ಟು, ಸಾಗಾಣಿಕೆಗೆ ಇಷ್ಟು ಎಂದು ಬೇರೆ ಬೇರೆ ತೋರಿಸುವುದೋ?

ನಾನು ಬೇಸಾಯ ಶಾಸ್ತ್ರದವನು. ವ್ಯಾಪಾರ ನನ್ನ ವಿಷಯವಲ್ಲ. ಆದರೂ ಎಕರೆ ಲೆಕ್ಕದಲ್ಲಿ ಕಷ್ಟಪಟ್ಟು ಗಳಿಸಿದ್ದು ಪೆಟ್ಟಿಗೆ ಲೆಕ್ಕದಲ್ಲಿ ಸೋರಿ ಹೋಗುವುದಾದರೆ ಅದು ಬೇಸಾಯದ ಪ್ರಶ್ನೆಯೂ ಹೌದು. ತೂಕ ಹೆಚ್ಚು, ಬೆಲೆ ಕಡಿಮೆ ಇರುವ ಪದಾರ್ಥಗಳ ಮಟ್ಟಿಗೆ ಸಾಗಾಣಿಕೆಯನ್ನು ಬೇರೆಯಾಗಿಯೇ ತೋರಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬೆಲ್ಲ ಈ ಗುಂಪಿಗೆ ಸೇರಿದ್ದು. ಅಕ್ಕಿ, ರಾಗಿ, ಹಣ್ಣುಗಳೂ ಅಷ್ಟೆ.

ಒಂದು ಲೆಕ್ಕ ಮಾಡಿ ನೋಡೋಣ. ಇಲ್ಲಿನ ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು. ನಿಮ್ಮ ಅಂಕಿಗಳನ್ನು ಹಾಕಿ ನೀವೇ ಮತ್ತೆ ಮಾಡಬಹುದು. 1 ಕಿ.ಗ್ರಾಂ. ಬೆಲ್ಲಕ್ಕೆ ನಿಮಗೆ ರೂ. 80 ಬರಬೇಕು. ಪೆಟ್ಟಿಗೆ, ಪ್ಲಾಸ್ಟಿಕ್ ಚೀಲ, ಅಂಟುಪಟ್ಟಿಗೆ ರೂ. 15. ಬೆಂಗಳೂರಿಗೆ ಕಳುಹಿಸಲು ರೂ. 50, ದೆಹಲಿಗೆ ರೂ. 90. ಬೇಡಿಕೆ ಅರ್ಧ ಬೆಂಗಳೂರಿನಿಂದ, ಅರ್ಧ ದೆಹಲಿಯಿಂದ ಬರುತ್ತಿದೆ ಎಂದಿಟ್ಟುಕೊಂಡರೆ ಸಾಗಾಣಿಕೆಯ ಸರಾಸರಿ ರೂ. 70. ಇದನ್ನು ಸೇರಿಸಿ ರೂ. 165 ಎಂದು ಬೆಲೆ ಕಟ್ಟಿ 'ಸಾಗಾಣಿಕೆ ಉಚಿತ' ಎಂದು ಹಾಕಿದಿರಿ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ.

ಆದರೆ ಗಿರಾಕಿ ಕಾಗದದ ಮೇಲೆ ಕೂರುವವನಲ್ಲ. ಬೆಂಗಳೂರಿನವನಿಗೆ ವಾಸ್ತವವಾಗಿ ರೂ. 145ರಲ್ಲಿ ಮುಗಿಯಬೇಕಾದದ್ದಕ್ಕೆ ರೂ. 165 ಕೇಳಿದಂತಾಯಿತು. ಪಕ್ಕದ ಅಂಗಡಿಯಲ್ಲಿ ಬೆಲ್ಲ ಕಣ್ಣಿಗೆ ಕಾಣುತ್ತಿರುವಾಗ ಆತ ಮೆಲ್ಲಗೆ ಜಾರಿಕೊಳ್ಳುತ್ತಾನೆ. ದೆಹಲಿಯವನಿಗೆ ರೂ. 185 ಬೀಳುವುದು ರೂ. 165ಕ್ಕೆ ಸಿಕ್ಕಿತು, ಆತ ತಾನೂ ಕೊಂಡು ನೆಂಟರಿಗೂ ಹೇಳುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ನೂರು ಪೆಟ್ಟಿಗೆಯಲ್ಲಿ 20 ಬೆಂಗಳೂರಿಗೆ, 80 ದೆಹಲಿಗೆ ಎಂದಾದರೆ ಸಾಗಾಣಿಕೆಯ ಸರಾಸರಿ ರೂ. 70 ಇದ್ದದ್ದು ರೂ. 82 ಆಗುತ್ತದೆ. ಈ ರೂ. 12 ಎಲ್ಲಿಂದ ಬರಬೇಕು? ಪೆಟ್ಟಿಗೆಯವನು ಬಿಡುವುದಿಲ್ಲ, ಕೊರಿಯರಿನವನು ಬಿಡುವುದಿಲ್ಲ. ನಿಮ್ಮ ರೂ. 80ರಲ್ಲೇ ಅದು ಕಳೆಯುತ್ತದೆ. ಬೆಲೆ ಏರಿಸಿ ಸರಿಪಡಿಸೋಣವೆಂದರೆ ಉಳಿದ ಹತ್ತಿರದ ಗಿರಾಕಿಗಳೂ ಹೋಗುತ್ತಾರೆ, ಸರಾಸರಿ ಮತ್ತೆ ಏರುತ್ತದೆ. ಮಾರಾಟ ಹೆಚ್ಚಿತೆಂದು ಹಿಗ್ಗುತ್ತಿರುವಾಗಲೇ ಆದಾಯ ಕುಗ್ಗುವ ಬಗೆ ಇದು.

ಹತ್ತಿರದವನು ದೂರದವನ ಸಾಗಾಣಿಕೆಯನ್ನು ಹೊರುವ ಈ ಕಷ್ಟ ಕಬ್ಬು ಬೆಳೆಗಾರರಿಗೆ ಹೊಸದಲ್ಲ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರವು ಶೇ. 10.25 ಸಕ್ಕರೆ ಇಳುವರಿಯ ಕಬ್ಬಿಗೆ ಟನ್ನಿಗೆ ರೂ. 3,550 ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಗೊತ್ತುಪಡಿಸಿತು. ಇದು ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ಬೆಲೆ. ಕಟಾವು ಮತ್ತು ಸಾಗಾಣಿಕೆ ವೆಚ್ಚವನ್ನು ಕಾರ್ಖಾನೆ ಹಾಕಿಕೊಂಡಲ್ಲಿ ಅದು ರೈತನ ಬಿಲ್ಲಿನಲ್ಲಿ ಕಳೆಯುತ್ತದೆ. ಎಲ್ಲಿ ದೂರ ನೋಡದೆ ಸರಾಸರಿ ದರ ಕಳೆಯುತ್ತಾರೋ ಅಲ್ಲಿ ಕಾರ್ಖಾನೆಯ ಬೇಲಿಗೆ ತಾಗಿದ ಗದ್ದೆಯವನು ಐವತ್ತು ಕಿಲೋಮೀಟರ್ ಆಚೆಯ ಕಬ್ಬಿನ ಬಾಡಿಗೆಯಲ್ಲಿ ಪಾಲು ಕೊಡುತ್ತಾನೆ. ಇದು ಅನ್ಯಾಯವೆಂದು ಹೇಳುವ ನಾವೇ, ಅದೇ ಕಬ್ಬಿನ ಬೆಲ್ಲವನ್ನು ಮಾರುವಾಗ ಬೆಂಗಳೂರಿನ ಗಿರಾಕಿಯ ಮೇಲೆ ದೆಹಲಿಯ ಬಾಡಿಗೆ ಹೇರುವುದು ಹೇಗೆ?

ದೇಶದ ಮಟ್ಟದಲ್ಲಿಯೂ ಇಂಥ ಪ್ರಯೋಗ ನಡೆದಿತ್ತು. 1950ರ ದಶಕದಲ್ಲಿ ಉಕ್ಕು, ಸಿಮೆಂಟು ಮುಂತಾದವು ಎಲ್ಲ ಕಡೆ ಒಂದೇ ದರಕ್ಕೆ ಸಿಗಲೆಂದು ಸಾಗಾಣಿಕೆ ಸಮೀಕರಣ ನೀತಿ ಜಾರಿಗೆ ಬಂತು. ಅದಿರು, ಕಲ್ಲಿದ್ದಲು ಇದ್ದ ಬಿಹಾರ, ಬಂಗಾಳ, ಒಡಿಶಾದವರಿಗೆ ಹತ್ತಿರವಿರುವುದರ ಲಾಭವೇ ಇಲ್ಲದಾಯಿತೆಂಬ ದೂರು 1990ರ ದಶಕದ ಆರಂಭದಲ್ಲಿ ಉಕ್ಕಿನ ಮಟ್ಟಿಗೆ ಆ ನೀತಿಯನ್ನು ಕೈಬಿಡುವವರೆಗೂ ಇತ್ತು. ಯೂರಿಯಾ ಚೀಲ ಬೀದರಿನಲ್ಲೂ ಚಾಮರಾಜನಗರದಲ್ಲೂ ಒಂದೇ ಬೆಲೆಗೆ ಸಿಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಸಿಗುತ್ತದೆ, ಅದರ ಸಾಗಾಣಿಕೆಯ ಸಹಾಯಧನವನ್ನು ಕೇಂದ್ರ ಸರ್ಕಾರ ಕೊಡುತ್ತದೆ. ನಿಮ್ಮ ಬೆಲ್ಲದ ಪೆಟ್ಟಿಗೆಗೆ ಕೊಡುವವರು ಯಾರೂ ಇಲ್ಲ.

'ಉಚಿತ' ಎಂಬ ಮಾತಿಗೆ ಶಕ್ತಿಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ದೊಡ್ಡ ಮಾರಾಟ ಕಂಪನಿಗಳು ಆ ಮಾತಿನ ಮೇಲೆಯೇ ಬೆಳೆದಿವೆ, ಪಟ್ಟಣದ ಗಿರಾಕಿಗೆ ಅದರ ರೂಢಿ ಹತ್ತಿದೆ. ಆದರೆ ಅಲ್ಲಿ ಗಿರಾಕಿಗೆ ಉಚಿತವೆಂದು ತೋರಿದ ಸಾಗಾಣಿಕೆ ಸಾಮಾನ್ಯವಾಗಿ ಮಾರುವವನ ಲೆಕ್ಕದಲ್ಲಿ ಕಮಿಷನ್ನಿನ ಜೊತೆಗೆ ಕಳೆದಿರುತ್ತದೆ. ಇನ್ನೊಂದು ಕಡೆ, ಹುಸೇನ್ ಮತ್ತು ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಈಬೇ ಹರಾಜಿನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಾರ್ಥದ ಆರಂಭದ ಬೆಲೆ ತಗ್ಗಿಸಿ ಸಾಗಾಣಿಕೆಯನ್ನು ಬೇರೆಯಾಗಿ ಹೆಚ್ಚಿಗೆ ಹಾಕಿದಾಗಲೇ ಬಹುಮಟ್ಟಿಗೆ ಹೆಚ್ಚು ಹಣ ಬಂದಿತು. ಜನ ಮೊದಲು ನೋಡುವುದು ಪದಾರ್ಥದ ಬೆಲೆಯನ್ನು. ಹಾಗೆಂದು ಇದನ್ನು ಕುಯುಕ್ತಿಯಾಗಿ ಬಳಸಬಾರದು, ಬೆಲ್ಲ ರೂ. 40 ಎಂದು ತೋರಿಸಿ ಸಾಗಾಣಿಕೆಯಲ್ಲಿ ರೂ. 100 ಕೀಳುವುದನ್ನು ನಾನು ಒಪ್ಪುವುದಿಲ್ಲ. ಬೇರೆಯಾಗಿ ತೋರಿಸುವುದೆಂದರೆ ನಿಜವಾದ ಖರ್ಚನ್ನು ತೋರಿಸುವುದು.

ಏಲಕ್ಕಿ, ಕಾಳುಮೆಣಸಿನಂಥ ಹಗುರವಾದ, ಬೆಲೆಯುಳ್ಳ ಪದಾರ್ಥಗಳ ವಿಷಯ ಬೇರೆ. ರೂ. 1,000 ಬೆಲೆಯ ಏಲಕ್ಕಿ ಪೊಟ್ಟಣಕ್ಕೆ ಸಾಗಾಣಿಕೆ ರೂ. 50 ಬಿದ್ದರೆ ಅದು ನೂರಕ್ಕೆ ಐದು. ಬೆಂಗಳೂರಿಗೂ ದೆಹಲಿಗೂ ಇರುವ ವ್ಯತ್ಯಾಸ ಅಷ್ಟು ಬಾಧಿಸದು. ಅಂಥವರು ಧಾರಾಳವಾಗಿ 'ಸಾಗಾಣಿಕೆ ಉಚಿತ' ಎನ್ನಲಿ.

ಮೆಣಸಿನಕಾಯಿ ಬೆಳೆಗಾರರು ಮಾತ್ರ ಇಲ್ಲಿ ಎಚ್ಚರದಿಂದಿರಬೇಕು. ಕೊರಿಯರಿನವರು ತಕ್ಕಡಿಯ ತೂಕವೊಂದನ್ನೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಾಗಿದ್ದರೆ ಅದರ ಮೇಲೆಯೇ ದರ. 30, 25, 15 ಸೆಂ.ಮೀ. ಅಳತೆಯ ಪೆಟ್ಟಿಗೆ ತೆಗೆದುಕೊಳ್ಳಿ. ಗುಣಿಸಿದರೆ 11,250, ಭಾಗಿಸಿದರೆ 2.25 ಕಿ.ಗ್ರಾಂ. ಒಳಗಿರುವುದು 1 ಕಿ.ಗ್ರಾಂ. ಒಣ ಬ್ಯಾಡಗಿ ಕಾಯಿಯಾದರೂ ನೀವು ಎರಡೂಕಾಲು ಕಿಲೋ ಬಾಡಿಗೆ ತೆರುತ್ತೀರಿ. ಪುಡಿ ಮಾಡಿಸಿ ಕಳುಹಿಸಿದರೆ ಜಾಗ ಬಹಳ ಕಡಿಮೆ ಸಾಕು. ಬೆಲ್ಲಕ್ಕೆ ಈ ತೊಂದರೆಯಿಲ್ಲ, ಆದರೆ ಅಳತೆ ಮೀರಿದ ಪೆಟ್ಟಿಗೆಗೆ ಹುಲ್ಲು, ಕಾಗದ ತುರುಕಿ ಕಳುಹಿಸುವವರಿಗೆ ಇದೆ.

ಬೇರೆಯಾಗಿ ತೋರಿಸುವುದರಿಂದ ಇನ್ನೊಂದು ಪ್ರಯೋಜನವುಂಟು. ಒಂದು ಪೆಟ್ಟಿಗೆಯ ತೂಕ ಹೆಚ್ಚಿದಂತೆ ಕಿಲೋ ಒಂದಕ್ಕೆ ಬೀಳುವ ಸಾಗಾಣಿಕೆ ಇಳಿಯುತ್ತದೆ. 1 ಕಿ.ಗ್ರಾಂ.ಗೆ ರೂ. 50, 5 ಕಿ.ಗ್ರಾಂ.ಗೆ ರೂ. 110 ಎಂದು ಎದುರಿಗೇ ಬರೆದಿದ್ದರೆ ಗೃಹಿಣಿ ತಾನೇ ಲೆಕ್ಕ ಹಾಕಿ ಹಬ್ಬಕ್ಕೆ ಐದು ಕಿಲೋ ಒಟ್ಟಿಗೆ ತರಿಸುತ್ತಾಳೆ, ಅಥವಾ ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಳ್ಳುತ್ತಾಳೆ. ಉಚಿತವೆಂದರೆ ಆಕೆಗೆ ಆ ಯೋಚನೆಯೇ ಬಾರದು. ಐದು ಸಲ ಒಂದೊಂದು ಕಿಲೋ ತರಿಸುತ್ತಾಳೆ, ನೀವು ಐದು ಪೆಟ್ಟಿಗೆ ಕಟ್ಟುತ್ತೀರಿ. ಗಿರಾಕಿಗಳು ತೀರ ಒತ್ತಾಯಿಸಿದರೆ, ರಾಜ್ಯದೊಳಗೆ 5 ಕಿ.ಗ್ರಾಂ. ಮೇಲ್ಪಟ್ಟ ಬೇಡಿಕೆಗೆ ಮಾತ್ರ ಸಾಗಾಣಿಕೆಯಲ್ಲಿ ಸ್ವಲ್ಪ ಬಿಟ್ಟುಕೊಡಬಹುದು. ಅದಕ್ಕಿಂತ ಮುಂದೆ ಹೋಗಬೇಡಿ.

ಕಾಯಿದೆಯ ಮಾತು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟ ತಾಣದ ಮೂಲಕ ಮಾರುವವನು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಿ, ಅದರೊಳಗೆ ಸಾಗಾಣಿಕೆ ಮುಂತಾದ ಬಾಬ್ತುಗಳನ್ನು ವಿಂಗಡಿಸಿ ಕಾಣಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಹೊಸ ಖರ್ಚು ಹೊರತೆಗೆಯುವುದು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷಿದ್ಧವಾಗಿದೆ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ರೂ. 100 ಎಂದು ಮುದ್ರಿಸಿಕೊಂಡು, ಸಾಗಾಣಿಕೆ ಸೇರಿಸಿ 'ಬೆಲ್ಲದ ಬೆಲೆ ರೂ. 165' ಎಂದು ಮಾರಿದರೆ ಮುದ್ರಿತ ಬೆಲೆ ಮೀರಿ ಮಾರಿದ ತಪ್ಪಿಗೆ ಸಿಕ್ಕಿಬೀಳುತ್ತೀರಿ. ಉಚಿತವೆನ್ನುವ ಆಸೆಯಲ್ಲಿ ಇದನ್ನು ಮರೆಯುವುದು ಸುಲಭ. ತೆರಿಗೆ ಉಳಿಸಲೆಂದು ಬೇರೆ ತೋರಿಸುವುದರಿಂದಲೂ ಪ್ರಯೋಜನವಿಲ್ಲ: ನೋಂದಣಿ ಇರುವ ಸಂಘಗಳು ಒಂದೇ ಬಿಲ್ಲಿನಲ್ಲಿ ಹಾಕಿದ ಸಾಗಾಣಿಕೆಯೂ ಸರಕಿನ ಮೌಲ್ಯಕ್ಕೇ ಸೇರುತ್ತದೆ.

ಹಣವನ್ನು ಮುಂಗಡವಾಗಿ ಪಡೆಯದೆ, ಪೆಟ್ಟಿಗೆ ತಲುಪಿದ ಮೇಲೆ ವಸೂಲು ಮಾಡುವ ಕ್ರಮದಲ್ಲಿ, ಗಿರಾಕಿ ಬೇಡವೆಂದು ಹಿಂತಿರುಗಿಸಿದರೆ ಹೋಗುವ ಬಾಡಿಗೆಯ ಜೊತೆಗೆ ಬರುವ ಬಾಡಿಗೆಯೂ ನಿಮ್ಮ ತಲೆಗೆ ಬರಬಹುದು. ಮಳೆಗಾಲದಲ್ಲಿ ಹಾಗೆ ತಿರುಗಿ ಬಂದ ಬೆಲ್ಲ ನೀರೂರಿ ಮೆತ್ತಗಾಗಿರುತ್ತದೆ, ಮತ್ತೊಬ್ಬರಿಗೆ ಕಳುಹಿಸಲು ಬಾರದು. ಆದ್ದರಿಂದ ಸಾಗಾಣಿಕೆಯ ಮೊತ್ತವನ್ನಾದರೂ ಮೊದಲೇ ಪಡೆಯುವುದು ಒಳ್ಳೆಯದು. ಅದು ಬೇರೆ ಬಾಬ್ತಾಗಿದ್ದರೆ ಹಾಗೆ ಕೇಳಲು ಸಂಕೋಚವಿರುವುದಿಲ್ಲ.

ರೈತ ಉತ್ಪಾದಕ ಸಂಘಗಳು ತಮ್ಮ ದರಪಟ್ಟಿಯಲ್ಲಿ ಬೆಲ್ಲದ ಬೆಲೆಯ ಕೆಳಗೆ ಮೂರು ಸಾಲು ಸೇರಿಸಿದರೆ ಸಾಕು: ಜಿಲ್ಲೆಯೊಳಗೆ ಇಷ್ಟು, ರಾಜ್ಯದೊಳಗೆ ಇಷ್ಟು, ಹೊರ ರಾಜ್ಯಕ್ಕೆ ಇಷ್ಟು. ಸಾಗಾಣಿಕೆ ದರಗಳು ಆಗಾಗ ಬದಲಾಗುತ್ತವೆ. ಅಂಚೆ ಇಲಾಖೆ 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರಗಳನ್ನು ಪರಿಷ್ಕರಿಸಿತು. ಹೀಗಾದಾಗ ಆ ಮೂರು ಸಾಲುಗಳನ್ನು ಮಾತ್ರ ತಿದ್ದಿಕೊಳ್ಳಬೇಕಾಗುತ್ತದೆ. ಮುದ್ರಿಸಿಟ್ಟ ಪೊಟ್ಟಣಗಳನ್ನು ಎಸೆಯಬೇಕಾಗುವುದಿಲ್ಲ.