ಶೈತ್ಯದಲ್ಲಿಟ್ಟ ಭ್ರೂಣ ಅಗ್ಗವೇ?

ಪ್ರನಾಳ ಶಿಶು ಚಿಕಿತ್ಸೆ ನೀಡುವ ಆಸ್ಪತ್ರೆಗಳ ದರಪಟ್ಟಿಯಲ್ಲಿ ‘ಶೈತ್ಯದಲ್ಲಿಟ್ಟ ಭ್ರೂಣದ ವರ್ಗಾವಣೆ’ ಎಂಬುದರ ಎದುರಿಗಿರುವ ಮೊತ್ತ ಸಾಮಾನ್ಯವಾಗಿ ಪೂರ್ಣ ಚಿಕಿತ್ಸೆಯ ಮೊತ್ತಕ್ಕಿಂತ ಬಹಳ ಕಡಿಮೆ. ‘ಹಾಗಾದರೆ ಅದನ್ನೇ ಮಾಡಿಸೋಣ’ ಎಂದುಕೊಳ್ಳುವ ದಂಪತಿಗಳುಂಟು. ಒಡವೆ ಅಡವಿಟ್ಟು ಹಣ ಹೊಂದಿಸುವವರಿಗೆ ಈ ತಪ್ಪು ತಿಳಿವಳಿಕೆ ದುಬಾರಿಯಾದೀತು.

ಏಕೆಂದರೆ ಬಹುಪಾಲು ಖರ್ಚು ಭ್ರೂಣ ಸಿದ್ಧವಾಗುವ ಮೊದಲೇ ಆಗಿರುತ್ತದೆ. ಸಹಜವಾಗಿ ತಿಂಗಳಿಗೆ ಒಂದೇ ಅಂಡಾಣು ಬಲಿಯುತ್ತದೆ. ಹಲವು ಅಂಡಾಣುಗಳು ಒಟ್ಟಿಗೆ ಬಲಿಯುವಂತೆ ಸುಮಾರು ಹತ್ತು ದಿನ ಹಾರ್ಮೋನು ಚುಚ್ಚುಮದ್ದು ಕೊಡಬೇಕು. ಅರಿವಳಿಕೆ ನೀಡಿ ಸೂಜಿಯಿಂದ ಅವನ್ನು ಹೊರತೆಗೆಯಬೇಕು. ಪ್ರಯೋಗಾಲಯದಲ್ಲಿ ವೀರ್ಯಾಣುವಿನೊಡನೆ ಸೇರಿಸಿ ಮೂರರಿಂದ ಐದು ದಿನ ಬೆಳೆಸಬೇಕು. ಆ ಭ್ರೂಣವನ್ನು ಆಗಲೇ ಗರ್ಭಕೋಶಕ್ಕೆ ಸೇರಿಸಿದರೆ ಅದು ತಾಜಾ ವರ್ಗಾವಣೆ. ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದಿರಿಸಿ ಮುಂದೆಂದೋ ಸೇರಿಸಿದರೆ ಶೈತ್ಯ ವರ್ಗಾವಣೆ.

ನೀರು ತುಂಬಿ ಮುಚ್ಚಿದ ಗಾಜಿನ ಸೀಸೆಯನ್ನು ಫ್ರೀಜರಿನಲ್ಲಿಟ್ಟರೆ ಒಡೆಯುತ್ತದೆಯಲ್ಲವೆ? ಜೀವಕೋಶದೊಳಗಿನ ನೀರು ಹರಳುಗಟ್ಟಿದರೂ ಅಂಥದೇ ಅಪಾಯ. ಆದ್ದರಿಂದ ಕೋಶದ ನೀರನ್ನು ಬಹುಮಟ್ಟಿಗೆ ಹೊರಗೆಳೆದು, ರಕ್ಷಕ ದ್ರಾವಣ ತುಂಬಿ, ಹರಳಾಗಲು ಸಮಯವೇ ಸಿಗದಷ್ಟು ವೇಗವಾಗಿ ತಂಪುಗೊಳಿಸುತ್ತಾರೆ. ಅಂದಹಾಗೆ, ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ 1978ರಲ್ಲೇ, ಅಕ್ಟೋಬರ್ 3ರಂದು, ಕಲ್ಕತ್ತೆಯ ಡಾ. ಸುಭಾಷ್ ಮುಖೋಪಾಧ್ಯಾಯ ಅವರು ಶೈತ್ಯದಲ್ಲಿಟ್ಟ ಭ್ರೂಣದಿಂದಲೇ ಹೆಣ್ಣುಮಗುವೊಂದು ಜನಿಸುವಂತೆ ಮಾಡಿದ್ದರು. ಅಂದು ಅವರನ್ನು ಯಾರೂ ನಂಬಲಿಲ್ಲ. 1981ರಲ್ಲಿ ಅವರು ತೀರಿಕೊಂಡರು. 1997ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಡಾ. ಟಿ.ಸಿ. ಆನಂದಕುಮಾರ್ ಬರೆದ ಮೇಲೆಯೇ ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲತೊಡಗಿದ್ದು.

ಇನ್ನು ಲೆಕ್ಕ. ಕೆಳಗಿನ ಅಂಕೆಗಳು ಯಾವ ಆಸ್ಪತ್ರೆಯ ದರವೂ ಅಲ್ಲ, ಗಣಿತಕ್ಕೆ ಮಾತ್ರ. ಭ್ರೂಣ ಸಿದ್ಧಪಡಿಸಲು 90 ರೂಪಾಯಿ, ತಾಜಾ ವರ್ಗಾವಣೆಗೆ 10, ಶೈತ್ಯದಲ್ಲಿಡಲು 15, ಹೊರತೆಗೆದು ವರ್ಗಾಯಿಸಲು 25 ಎಂದಿಟ್ಟುಕೊಂಡರೆ, ತಾಜಾ ಭ್ರೂಣ ಮೊದಲ ಸಲವೇ ಫಲಿಸಿದವರಿಗೆ ಖರ್ಚು 100. ಎಲ್ಲ ಭ್ರೂಣಗಳನ್ನೂ ಮೊದಲು ಶೈತ್ಯದಲ್ಲಿಟ್ಟವರಿಗೆ 130. ತಾಜಾ ವರ್ಗಾವಣೆ ವಿಫಲವಾಗಿ, ಉಳಿದ ಭ್ರೂಣವನ್ನು ಕಾದಿರಿಸಿದ್ದವರು ಎರಡನೆಯ ಪ್ರಯತ್ನದ ಹೊತ್ತಿಗೆ 140 ತೆತ್ತಿರುತ್ತಾರೆ. ಏನೂ ಉಳಿಸಿಕೊಳ್ಳದವರು ಮತ್ತೆ ಮೊದಲಿನಿಂದ ಆರಂಭಿಸಬೇಕು: 200! ದರಪಟ್ಟಿಯಲ್ಲಿ ಕಣ್ಣಿಗೆ ಬೀಳುವುದು ಆ 25 ಒಂದೇ.

ಹಾಗೆಂದು ಎಲ್ಲರಿಗೂ ತಾಜಾ ವರ್ಗಾವಣೆಯೇ ಲಾಭವೆಂದಲ್ಲ. ಚುಚ್ಚುಮದ್ದಿಗೆ ಕೆಲವರ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆಸ್ಪತ್ರೆ ಸೇರಬೇಕಾಗುವುದೂ ಉಂಟು. ಆ ಬಿಲ್ಲು ಬೇರೆ. ಪಾಲಿಸಿಸ್ಟಿಕ್ ಅಂಡಾಶಯದ 1508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ತೊಂದರೆ ತಾಜಾ ಗುಂಪಿನ ಶೇ 7.1 ಮಂದಿಗೆ ಬಂದರೆ, ಶೈತ್ಯದ ಗುಂಪಿನಲ್ಲಿ ಶೇ 1.3 ಮಂದಿಗೆ ಮಾತ್ರ ಬಂತು. ಮಗು ಜನಿಸಿದ ಪ್ರಮಾಣ ಕ್ರಮವಾಗಿ ಶೇ 42 ಮತ್ತು ಶೇ 49.3. ಇಂಥವರಿಗೆ ಶೈತ್ಯದ ಹೆಚ್ಚುವರಿ ಖರ್ಚು ದಂಡವಲ್ಲ. ಆದರೆ ಆ ತೊಂದರೆಯಿಲ್ಲದ 782 ಮಹಿಳೆಯರನ್ನು ವಿಯೆಟ್ನಾಮಿನಲ್ಲಿ ಪರೀಕ್ಷಿಸಿದಾಗ (2018) ಗರ್ಭ ನಿಂತು ಮುಂದುವರಿದದ್ದು ಶೈತ್ಯದಲ್ಲಿ ಶೇ 36.3, ತಾಜಾದಲ್ಲಿ ಶೇ 34.5. ಇದು ಗಣನೀಯ ಅಂತರವೇ ಅಲ್ಲ. ಅಲ್ಲಿ ಎಲ್ಲ ಭ್ರೂಣಗಳನ್ನೂ ಶೈತ್ಯದಲ್ಲಿಡುವ ಕ್ರಮ ಖರ್ಚಿನ ದೃಷ್ಟಿಯಿಂದ ಲಾಭಕರವೆನಿಸಲಿಲ್ಲ. ಎಲ್ಲರಿಗೂ ಒಂದೇ ಕ್ರಮ ಹೇಳುವ ವೈದ್ಯರನ್ನು ‘ನಮಗೇಕೆ?’ ಎಂದು ಕೇಳಲು ದಂಪತಿಗಳು ಸಂಕೋಚಪಡಬೇಕಾಗಿಲ್ಲ.

ಮತ್ತೊಂದು ಖರ್ಚು ಹಲವರ ಗಮನಕ್ಕೆ ಬರುವುದಿಲ್ಲ, ಅದು ಕಾದಿರಿಸುವ ಬಾಡಿಗೆ. ದ್ರವ ಸಾರಜನಕ ಸದಾ ಆವಿಯಾಗುತ್ತಿರುತ್ತದೆ, ಪಾತ್ರೆಗೆ ಮತ್ತೆ ಮತ್ತೆ ತುಂಬುತ್ತಿರಬೇಕು. ಆದ್ದರಿಂದ ಶುಲ್ಕ ವರ್ಷ ವರ್ಷವೂ ಬರುತ್ತದೆ. ಭಾರತದ 2021ರ ಕಾಯಿದೆಯ ಪ್ರಕಾರ ಭ್ರೂಣವನ್ನು ಹೆಚ್ಚೆಂದರೆ 10 ವರ್ಷ ಇಡಬಹುದು.