ಗೃಹಸ್ಥರ ಗಮನಕ್ಕೆ: ಹಳೆಯ ಕಾರಿನ ಎರಡನೆಯ ಕೀಲಿಕೈ

ಮನೆಯಲ್ಲಿ ಹದಿನೈದು-ಇಪ್ಪತ್ತು ವರ್ಷಗಳಷ್ಟು ಹಳೆಯದಾದ ಕಾರೊಂದಿದ್ದು, ಅದಕ್ಕೆ ಈಗ ಒಂದೇ ಕೀಲಿಕೈ ಉಳಿದಿದ್ದರೆ, ಓದುಗ ಬಂಧುಗಳು ಈ ತಿಂಗಳು ಒಂದು ಕೆಲಸವನ್ನು ಮುಂದೂಡದೆ ಮಾಡಿಕೊಳ್ಳಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಎರಡನೆಯ ಕೀಲಿಕೈಯನ್ನು ಮಾಡಿಸಿ ಇಟ್ಟುಕೊಳ್ಳುವುದೇ ಆ ಕೆಲಸ. ಕಪಾಟಿಗೋ ಟ್ರಂಕಿಗೋ ಮಾಡಿಸುವಂತೆ ಪೇಟೆಯ ಮೂಲೆಯಲ್ಲಿ ಕುಳಿತ ಕಸುಬುದಾರನಿಂದ ಐದು ನಿಮಿಷದಲ್ಲಿ ಕೊರೆಯಿಸಿಕೊಂಡು ಬರುವಂಥದಲ್ಲ ಇದು. ಒಂದು ಕೀಲಿಕೈ ಕೈಯಲ್ಲಿರುವವರೆಗೆ ಇದು ಕೆಲವು ಸಾವಿರ ರೂಪಾಯಿಗಳ, ಅರ್ಧ ದಿನದ ವ್ಯವಹಾರ. ಆ ಒಂದೂ ಕಳೆದುಹೋದ ಮರುದಿನ ಅದೇ ವ್ಯವಹಾರ ಬೇರೆಯೇ ಆಗಿ ನಿಲ್ಲುತ್ತದೆ.

ದಕ್ಷಿಣದ ಜಿಲ್ಲೆಗಳವರು ಬೀಗದಕೈ ಎನ್ನುವುದನ್ನು ಉತ್ತರದವರು ಕೀಲಿಕೈ ಎಂದೂ ಚಾವಿ ಎಂದೂ ಕರೆಯುತ್ತಾರೆ. ಹೆಸರು ಯಾವುದಾದರೂ ಇರಲಿ, ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಕಾಲದಲ್ಲಿ ಅದು ಹಲ್ಲು ಕೊರೆದ ಲೋಹದ ತುಂಡು ಮಾತ್ರವಾಗಿತ್ತು. ಹಲ್ಲು ಹೊಂದಿದರೆ ಬೀಗ ತಿರುಗುತ್ತಿತ್ತು, ಬೀಗ ತಿರುಗಿದರೆ ಎಂಜಿನ್ ಹೊರಡುತ್ತಿತ್ತು. ಕಳ್ಳನಿಗೆ ಆ ತುಂಡಿನ ಅಗತ್ಯವೂ ಇರಲಿಲ್ಲ. ಸ್ಟೀರಿಂಗಿನ ಕೆಳಗಿನ ಎರಡು ತಂತಿಗಳನ್ನು ಕೂಡಿಸಿದರೆ ಸಾಕಾಗುತ್ತಿತ್ತು. ಇದನ್ನು ತಡೆಯಲೆಂದೇ ಇಮ್ಮೊಬಿಲೈಸರ್ ಎಂಬ ಸಾಧನ ಬಂದಿತು. 1998ರ ಅಕ್ಟೋಬರಿನಿಂದ ಐರೋಪ್ಯ ಒಕ್ಕೂಟದ ಹೊಸ ಕಾರುಗಳಿಗೂ 2007ರಿಂದ ಕೆನಡಾದ ಹೊಸ ವಾಹನಗಳಿಗೂ ಅದು ಕಡ್ಡಾಯವಾಯಿತು. ನಮ್ಮಲ್ಲಿ ಮಾರುತಿಯವರು ಅದನ್ನು ಐಕ್ಯಾಟ್ಸ್ ಎಂಬ ಹೆಸರಿನಲ್ಲಿ ತಂದರು. ಫಿಯೆಟ್, ಫೋರ್ಡ್, ಹ್ಯುಂಡೈ ಮೊದಲಾದವರ ಕಾರುಗಳಲ್ಲಿಯೂ ಅದು ಸೇರಿತು.

ಈ ಸಾಧನದ ಬೆಲೆ ಏನೆಂಬುದು ಅದಿಲ್ಲದ ಕಡೆ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದಲ್ಲಿ ಅದನ್ನು ಕಡ್ಡಾಯ ಮಾಡಿರಲಿಲ್ಲ. 2015ರಲ್ಲಿ ಅಲ್ಲಿನ ಇತರ ತಯಾರಕರ ಮಾದರಿಗಳಲ್ಲಿ ಶೇಕಡಾ 96ರಷ್ಟಕ್ಕೆ ಇಮ್ಮೊಬಿಲೈಸರ್ ಇದ್ದರೆ, ಹ್ಯುಂಡೈ ಮತ್ತು ಕಿಯಾ ಮಾದರಿಗಳಲ್ಲಿ ಕೇವಲ ಶೇಕಡಾ 26ಕ್ಕೆ ಇತ್ತು. ಮೊಬೈಲ್ ಫೋನಿಗೆ ವಿದ್ಯುತ್ ತುಂಬುವ ತಂತಿಯ ತುದಿಯಿಂದಲೇ ಇಂಥ ಕಾರುಗಳನ್ನು ಹೊರಡಿಸಬಹುದೆಂಬ ಚಲನಚಿತ್ರ ತುಣುಕುಗಳು ಹುಡುಗರ ಕೈಗೆ ಸಿಕ್ಕವು; 2022ರ ಹೊತ್ತಿಗೆ ಊರೂರುಗಳಲ್ಲಿ ಆ ಕಾರುಗಳ ಕಳವು ವಿಪರೀತವಾಯಿತು. ಆದುದರಿಂದ ಮುಂದೆ ನಾವು ಹೇಳಲಿರುವ ತೊಡಕುಗಳನ್ನು ಓದಿ, ಈ ಸಾಧನವೇ ಬೇಡವಾಗಿತ್ತೆಂದು ಯಾರೂ ತಿಳಿಯಬಾರದು.

ಅದು ಕೆಲಸ ಮಾಡುವ ಬಗೆ ಸರಳವಾದದ್ದೇ. ಕೀಲಿಕೈಯ ಪ್ಲಾಸ್ಟಿಕ್ ಹಿಡಿಯೊಳಗೆ ಅಕ್ಕಿಯ ಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್ಪೊಂದಿರುತ್ತದೆ. ಅದಕ್ಕೆ ತನ್ನದೇ ಆದ ಬ್ಯಾಟರಿ ಇಲ್ಲ. ಕೀಲಿಕೈ ಹಾಕುವ ರಂಧ್ರದ ಸುತ್ತಲೂ ತಂತಿಯ ಸುರುಳಿಯೊಂದು ಅಡಗಿರುತ್ತದೆ. ಕೀಲಿಕೈಯನ್ನು ತಿರುಗಿಸಿದೊಡನೆ ಆ ಸುರುಳಿಯ ಕಾಂತಕ್ಷೇತ್ರದಿಂದ ಚಿಪ್ಪು ಕ್ಷಣಮಾತ್ರ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ. ಕಾರಿನ ನೆನಪಿನಲ್ಲಿರುವ ಗುರುತಿಗೆ ಅದು ಹೊಂದಿದರೆ ಎಂಜಿನ್ನಿಗೆ ಇಂಧನವೂ ಕಿಡಿಯೂ ದೊರೆಯುತ್ತವೆ. ಹೊಂದದಿದ್ದರೆ ಸ್ಟಾರ್ಟರ್ ಎಷ್ಟು ಹೊತ್ತು ತಿರುಗಿದರೂ ಎಂಜಿನ್ ಹಿಡಿಯುವುದಿಲ್ಲ, ಅಥವಾ ಒಂದೆರಡು ಸೆಕೆಂಡು ಓಡಿ ನಿಂತುಬಿಡುತ್ತದೆ. ಬಾಗಿಲು ತೆರೆಯುವ ರಿಮೋಟಿನ ಗುಂಡಿಗಳು ಬೇರೆ, ಈ ಚಿಪ್ಪು ಬೇರೆ. ಕೀಲಿಕೈಯನ್ನು ತೂರಿಸಿ ತಿರುಗಿಸುವ ಹಳೆಯ ಕಾರುಗಳಲ್ಲಿ ರಿಮೋಟಿನ ಬ್ಯಾಟರಿ ಮುಗಿದರೂ ಎಂಜಿನ್ ಹೊರಡುತ್ತದೆ. ಈ ಭೇದವನ್ನು ತಿಳಿಯದೆ ಬರಿಯ ಬ್ಯಾಟರಿಗಾಗಿ ಹೊಸ ಕೀಲಿಕೈಯನ್ನೇ ಕೊಂಡವರು ಇದ್ದಾರೆ.

ಧಾರವಾಡದಲ್ಲಿರುವ ನಮ್ಮ ಪರಿಚಿತ ಹಿರಿಯ ದಂಪತಿಗಳ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳುವುದು ಉಚಿತ. ಯಜಮಾನರಿಗೆ ವಾರದಲ್ಲಿ ಮೂರು ದಿನ ಡಯಾಲಿಸಿಸ್. ನೆರೆಮನೆಯ ತರುಣನೊಬ್ಬ ಇವರದೇ ಹಳೆಯ ಕಾರಿನಲ್ಲಿ ಕರೆದೊಯ್ದು ಕರೆತರುತ್ತಿದ್ದ. ಮದುವೆಯ ಮಂಟಪವೊಂದರಲ್ಲಿ ಕೀಲಿಕೈ ಕಳೆಯಿತು. ಯಾರೂ ಗಾಬರಿಯಾಗಲಿಲ್ಲ, ಏಕೆಂದರೆ ಹಲವು ವರ್ಷಗಳ ಹಿಂದೆ ಸಂತೆಪೇಟೆಯಲ್ಲಿ ಕೊರೆಯಿಸಿದ್ದ ಇನ್ನೊಂದು ಮನೆಯಲ್ಲಿತ್ತು. ಅದು ಬಾಗಿಲನ್ನು ತೆರೆಯಿತು, ಸ್ಟೀರಿಂಗನ್ನೂ ಬಿಡಿಸಿತು. ಎಂಜಿನ್ ಮಾತ್ರ ಹೊರಡಲಿಲ್ಲ. ಬಂದ ಮೆಕ್ಯಾನಿಕ್ ಪೆಟ್ರೋಲ್ ಬರುತ್ತಿಲ್ಲವೆಂದು ಕಂಡುಹಿಡಿದು, ಪಂಪನ್ನೇ ಬದಲಾಯಿಸಿದ. ಮೂರನೆಯ ದಿನ ಆ ತರುಣನ ಡಿಪ್ಲೊಮಾ ಓದುವ ತಮ್ಮ, ಮೀಟರಿನ ಬಳಿ ಕೀಲಿಕೈಯ ಚಿತ್ರವಿರುವ ಪುಟ್ಟ ದೀಪ ಬೇಗ ಬೇಗ ಮಿನುಗುತ್ತಿರುವುದನ್ನು ನೋಡಿ, “ಅಜ್ಜಾರ, ಇದು ಪೆಟ್ರೋಲಿನ ತೊಂದ್ರಿ ಅಲ್ರಿ, ಈ ಚಾವಿಯೊಳಗ ಚಿಪ್ಪೇ ಇಲ್ರಿ” ಎಂದ. ಅನಂತರ ಕಾರನ್ನು ಎಳೆಸಿಕೊಂಡು ಹೋಗಿ ಕಾರ್ಯಾಗಾರಕ್ಕೆ ಸೇರಿಸಿದ್ದಾಯಿತು, ಕಾಗದಪತ್ರಗಳನ್ನು ಒಪ್ಪಿಸಿದ್ದಾಯಿತು, ಸಂಕೇತ ಸಂಖ್ಯೆಗಾಗಿ ಕಾದದ್ದಾಯಿತು. ಒಟ್ಟು ಒಂಬತ್ತು ದಿನ. ಅಷ್ಟು ದಿನವೂ ಆ ಹಿರಿಯರು ಡಯಾಲಿಸಿಸ್ ಮುಗಿಸಿಕೊಂಡು, ತಲೆ ತಿರುಗುತ್ತಿರುವಾಗಲೇ ಆಟೋರಿಕ್ಷಾ ಹಿಡಿದು ಮನೆಗೆ ಬರಬೇಕಾಯಿತು. ಖರ್ಚಿನ ಮಾತನ್ನು ನಾವು ಎತ್ತುವುದಿಲ್ಲ.

ಹಾಗಾದರೆ ಎರಡನೆಯದನ್ನು ಮಾಡಿಸುವುದು ಹೇಗೆ? ಎರಡು ದಾರಿಗಳುಂಟು. ಮೊದಲನೆಯದು, ಹೊಸ ಚಿಪ್ಪಿನ ಗುರುತನ್ನು ಕಾರಿಗೆ ಪರಿಚಯಿಸುವುದು. ಸ್ಟೀರಿಂಗಿನ ಕೆಳಗಿರುವ ಕಿಂಡಿಗೆ ಉಪಕರಣವೊಂದನ್ನು ಜೋಡಿಸಿ, ಆ ಕಾರಿನ ಗುಪ್ತ ಸಂಖ್ಯೆಯನ್ನು ಕೊಟ್ಟು, ಹೊಸ ಕೀಲಿಕೈಯನ್ನು ಅದರ ನೆನಪಿನಲ್ಲಿ ಬರೆಸುತ್ತಾರೆ. ಎರಡನೆಯದು, ಇರುವ ಚಿಪ್ಪಿನ ಗುರುತನ್ನೇ ಖಾಲಿ ಚಿಪ್ಪಿಗೆ ನಕಲು ಮಾಡುವುದು. ಇದರಲ್ಲಿ ಕಾರನ್ನು ಮುಟ್ಟಬೇಕಾಗಿಲ್ಲ. ಎರಡೂ ಕೀಲಿಕೈಗಳು ಕಾರಿಗೆ ಒಂದೇ ಆಗಿ ಕಾಣುತ್ತವೆ. ಎರಡನೆಯ ದಾರಿ ಅಗ್ಗವಾದದ್ದು, ಬೇಗನೆ ಮುಗಿಯುವಂಥದು. ಆದರೂ ನಮ್ಮ ಒಲವು ಮೊದಲನೆಯದರ ಕಡೆಗೆ. ಕೀಲಿಕೈಯೊಂದು ಕಳೆದರೆ ಕಾರಿನ ನೆನಪಿನಿಂದ ಅದೊಂದನ್ನು ಅಳಿಸಿ, ಸಿಕ್ಕವನ ಕೈಯಲ್ಲಿ ಅದು ಬರಿಯ ಲೋಹವಾಗುವಂತೆ ಮಾಡಬಹುದು. ನಕಲು ಮಾಡಿದ್ದಾದರೆ ಒಂದನ್ನು ಅಳಿಸಲು ಹೋದಾಗ ಇನ್ನೊಂದೂ ಅಳಿಯುತ್ತದೆ. ಕೆಲವು ಕಾರುಗಳು ಹೊಸದನ್ನು ಕಲಿಯುವಾಗ ಹಳೆಯ ಗುರುತುಗಳನ್ನೆಲ್ಲ ಮರೆಯುತ್ತವೆ. ಆದುದರಿಂದ ಹೋಗುವಾಗ ಮನೆಯಲ್ಲಿರುವ ಎಲ್ಲ ಕೀಲಿಕೈಗಳನ್ನೂ ಒಯ್ಯತಕ್ಕದ್ದು. ಪುಣೆಯಲ್ಲಿರುವ ಮಗನ ಬಳಿ ಒಂದಿದ್ದರೆ ಅವನು ಬರುವವರೆಗೆ ಕಾಯುವುದು ಮೇಲು.

ಆ ಗುಪ್ತ ಸಂಖ್ಯೆ ಎಲ್ಲಿರುತ್ತದೆ? ಕಾರು ಹೊಸದಾಗಿ ಮನೆಗೆ ಬಂದಾಗ ಕೀಲಿಗೊಂಚಲಿನೊಡನೆ ಪುಟ್ಟ ತಗಡಿನ ಬಿಲ್ಲೆಯೊಂದಿದ್ದುದು ಹಲವರಿಗೆ ನೆನಪಿರಬಹುದು. ಅದರ ಮೇಲಿನ ಸಂಖ್ಯೆಯಿಂದ ಹಲ್ಲುಗಳನ್ನು ಕೊರೆಯಬಹುದು. ಫಿಯೆಟ್ ಪಾಲಿಯೋದಂಥ ಕಾರುಗಳಿಗೆ ಎರಡೂ ಸಂಖ್ಯೆಗಳಿರುವ ಕಾರ್ಡನ್ನೇ ಕೊಟ್ಟಿದ್ದರು. 1990ರ ದಶಕದ ನಡುವಿನ ಐರೋಪ್ಯ ಫಿಯೆಟ್‌ಗಳಲ್ಲಂತೂ ಕೆಂಪು ಹಿಡಿಯ ಯಜಮಾನ ಕೀಲಿಕೈಯೊಂದಿತ್ತು. ಅದಿಲ್ಲದೆ ಹೊಸದನ್ನು ಕಾರಿಗೆ ಕಲಿಸುವಂತಿರಲಿಲ್ಲ. ಅದನ್ನು ಕಳೆದುಕೊಂಡವರು ಎಂಜಿನ್ನಿನ ಗಣಕವನ್ನೇ ಬದಲಾಯಿಸಬೇಕಾಗುತ್ತಿತ್ತು. ಕಾರನ್ನು ಎರಡನೆಯ ಕೈಯಿಂದ ಕೊಂಡವರಿಗೆ ಇಂಥ ಬಿಲ್ಲೆ, ಕಾರ್ಡುಗಳು ದೊರೆತಿರುವುದು ಅಪರೂಪ. ಅಲ್ಲದೆ ತಯಾರಕರೇ ದೇಶ ಬಿಟ್ಟ ಉದಾಹರಣೆಗಳಿವೆ. ಷೆವರ್ಲೆ ಕಾರುಗಳ ಜನರಲ್ ಮೋಟಾರ್ಸ್ 2017ರ ಕೊನೆಗೆ ಇಲ್ಲಿನ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರುಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಇಂಥ ಕಾರುಗಳಿಗೆ ಖಾಲಿ ಕೀಲಿಕೈ, ಚಿಪ್ಪು, ಬಲ್ಲ ಕೆಲಸಗಾರ, ಇವು ಮೂರೂ ಒಂದೆಡೆ ಸಿಕ್ಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುವುದೇ ಹೊರತು ಸುಲಭವಾಗುವುದಿಲ್ಲ.

ಕಂಪನಿಯ ಕಾರ್ಯಾಗಾರದಲ್ಲಿ ನೋಂದಣಿ ಪತ್ರ, ವಿಮೆಯ ಪತ್ರ, ಮಾಲೀಕರ ಗುರುತಿನ ಚೀಟಿ ಕೇಳುತ್ತಾರೆ. ಇದನ್ನು ಕಿರುಕುಳವೆಂದು ಭಾವಿಸಬಾರದು. ಏನನ್ನೂ ಕೇಳದೆ ಕೀಲಿಕೈ ಮಾಡಿಕೊಡುವವನು ನಾಳೆ ನಮ್ಮ ಕಾರಿಗೂ ಇನ್ನೊಬ್ಬನಿಗಾಗಿ ಮಾಡಿಕೊಟ್ಟಾನು. ತಂದೆಯವರು ಲಿಂಗೈಕ್ಯರಾದ ಮೇಲೂ ಕಾರು ಅವರ ಹೆಸರಿನಲ್ಲಿಯೇ ಉಳಿದಿರುವ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಮೊದಲು ನೋಂದಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಂಡರೆ ಈ ಬಾಗಿಲಲ್ಲಿ ನಿಲ್ಲುವುದು ತಪ್ಪುತ್ತದೆ. ದೊಡ್ಡ ಊರುಗಳಲ್ಲಿ ಈ ಕಾಯಕವನ್ನು ಚೆನ್ನಾಗಿ ಬಲ್ಲ ಸ್ವತಂತ್ರ ಕಸುಬುದಾರರೂ ಇದ್ದಾರೆ, ಮನೆಯ ಬಾಗಿಲಿಗೇ ಬಂದು ಮಾಡಿಕೊಡುತ್ತಾರೆ. ಅವರ ವಿದ್ಯೆಗೆ ಒಂದು ವಿಚಿತ್ರ ಹಿನ್ನೆಲೆಯಿದೆ. ಹಳೆಯ ಚಿಪ್ಪುಗಳ ರಹಸ್ಯ ಲಿಪಿಗಳನ್ನು ವಿದ್ವಾಂಸರು ಒಂದೊಂದಾಗಿ ಭೇದಿಸಿದರು. ಹಿಟ್ಯಾಗ್-2 ಎಂಬುದರ ದೌರ್ಬಲ್ಯವನ್ನು 2012ರಲ್ಲಿ ಪ್ರಕಟಿಸಿದರು. ಮೆಗಾಮೋಸ್ ಎಂಬುದರ ಬಗೆಗಿನ ಪ್ರಬಂಧಕ್ಕೆ 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಇಂಗ್ಲೆಂಡಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಅದು ಬೆಳಕು ಕಂಡದ್ದು 2015ರಲ್ಲಿ. ಹಳೆಯ ಕಾರಿನ ಚಿಪ್ಪನ್ನು ಹೊರಗಿನವರು ನಕಲು ಮಾಡಬಲ್ಲವರಾಗಿರುವುದು ಲಿಪಿಗಳ ಈ ದೌರ್ಬಲ್ಯದಿಂದಲೇ. ಬಲ್ಲ ಕಸುಬುದಾರನಿಗೆ ಒದಗಿದ್ದು ಬಲ್ಲ ಕಳ್ಳನಿಗೂ ಒದಗಿದೆ. ಆದುದರಿಂದ ಕಸುಬುದಾರನ ಅಂಗಡಿ ಎಲ್ಲಿದೆ, ಎಷ್ಟು ಕಾಲದಿಂದ ಇದೆ ಎಂಬುದನ್ನು ವಿಚಾರಿಸಿಯೇ ಕಾರನ್ನು ಒಪ್ಪಿಸಬೇಕು.

ಕೆಲವರು ಹೇಳಿಕೊಡುವ ಇನ್ನೊಂದು ಉಪಾಯವನ್ನು ಮಾತ್ರ ನಾವು ಒಪ್ಪಲಾರೆವು. ಚಿಪ್ಪುಳ್ಳ ಕೀಲಿಕೈಯ ಹಿಡಿಯನ್ನು ಒಡೆದು, ಚಿಪ್ಪನ್ನು ಸುರುಳಿಯ ಪಕ್ಕದಲ್ಲಿ ಟೇಪಿನಿಂದ ಅಂಟಿಸಿಬಿಟ್ಟರೆ, ಮುಂದೆ ನೂರಿನ್ನೂರು ರೂಪಾಯಿಯ ಲೋಹದ ಕೀಲಿಕೈಯೇ ಸಾಕೆನ್ನುತ್ತಾರೆ. ಸಾಕಾಗುತ್ತದೆ, ನಿಜ. ಕಳ್ಳನಿಗೂ ಸಾಕಾಗುತ್ತದೆ. ವಾಹನವನ್ನು ಕಾಪಾಡಲು ಮಾಲೀಕನು ಯುಕ್ತವಾದ ಎಲ್ಲ ಎಚ್ಚರಿಕೆಗಳನ್ನೂ ವಹಿಸತಕ್ಕದ್ದೆಂಬ ಷರತ್ತು ನಮ್ಮ ವಿಮಾ ಪತ್ರಗಳಲ್ಲಿ ಅಚ್ಚಾಗಿಯೇ ಇರುತ್ತದೆ.

ವಿಮೆಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಕಾರು ಕಳುವಾಗಿ ಪರಿಹಾರ ಕೇಳಿದಾಗ ವಿಮಾ ಕಂಪನಿಯವರು ಪೊಲೀಸರ ಪತ್ರಗಳೊಡನೆ ಕಾರಿನ ಎಲ್ಲ ಕೀಲಿಕೈಗಳನ್ನೂ ಒಪ್ಪಿಸಲು ಕೇಳುತ್ತಾರೆ. ಒಂದೇ ಇದ್ದರೆ ಇನ್ನೊಂದು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರ ಬೇಕು. ಆದುದರಿಂದ ಕೀಲಿಕೈ ಕಳೆದ ದಿನವೇ ಪೊಲೀಸರಲ್ಲಿ ಕಳೆದ ವಸ್ತುವಿನ ವರದಿ ಬರೆಸಿ ಅದರ ಪ್ರತಿಯನ್ನೂ, ಹೊಸದನ್ನು ಮಾಡಿಸಿದ ರಸೀದಿಯನ್ನೂ ಜೋಪಾನವಾಗಿಡುವುದು. ಹಳೆಯ ಕಾರನ್ನು ಕೊಳ್ಳುವವರು “ಇನ್ನೊಂದು ಊರಲ್ಲಿದೆ, ಕಳಿಸಿಕೊಡ್ತೀವಿ” ಎಂಬ ಮಾತಿಗೆ ಒಪ್ಪದೆ, ಅದು ಬರುವವರೆಗೆ ಕೊನೆಯ ಕಂತನ್ನು ಕೈಯಲ್ಲಿಯೇ ಇಟ್ಟುಕೊಳ್ಳುವುದು ವ್ಯವಹಾರಜ್ಞಾನ.

ಹೊಸ ಕೀಲಿಕೈ ಕೈಗೆ ಬಂದಾಗ ಹಣ ಕೊಡುವ ಮುನ್ನ ಪರೀಕ್ಷಿಸಬೇಕು. ಹಳೆಯದನ್ನು ಗೊಂಚಲಿನಿಂದ ಬಿಚ್ಚಿ ಮನೆಯವರ ಕೈಯಲ್ಲಿ ಕೊಟ್ಟು ದೂರ ನಿಲ್ಲಿಸಿ. ಎರಡೂ ಒಟ್ಟಿಗಿದ್ದರೆ ಸುರುಳಿಗೆ ಯಾವುದರ ಗುರುತು ತಲುಪಿತೆಂದು ಹೇಳಲಾಗದು. ಹೊಸದರಿಂದ ಎಂಜಿನ್ ಹೊರಡಿಸಿ ಒಂದು ನಿಮಿಷ ಓಡಲು ಬಿಡಿ, ನಿಲ್ಲಿಸಿ ಮತ್ತೆ ಹೊರಡಿಸಿ. ಅನಂತರ ಹಳೆಯದು ಇನ್ನೂ ಕೆಲಸ ಮಾಡುತ್ತಿದೆಯೇ ಎಂದು ನೋಡಿ. ಬಾಗಿಲು, ಡಿಕ್ಕಿ, ಪೆಟ್ರೋಲ್ ಮುಚ್ಚಳ ಇವುಗಳಿಗೂ ಹಾಕಿ ತಿರುಗಿಸಿ. ತಗಡಿನ ಬಿಲ್ಲೆಯಿದ್ದರೆ ಅದನ್ನು ಕಾರಿನ ಪೆಟ್ಟಿಗೆಯಲ್ಲಿಡದೆ ಮನೆಯ ಪತ್ರಗಳ ಜೊತೆ ಕಪಾಟಿಗೆ ಸೇರಿಸಿ, ಅದು ಎಲ್ಲಿದೆಯೆಂಬುದನ್ನು ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿರಿ.